ಪಾನಾ ಹಿಡಿಯುವ ಮೊದಲು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮೇಲೆ ಐಟಿಐಗಳ ಬಾಗಿಲಲ್ಲಿ ಪ್ರತಿ ವರ್ಷವೂ ಕೇಳಿಬರುವ ಮಾತೊಂದಿದೆ. ‘ಹುಡುಗ ಓದೂದ್ರಾಗ ಅಷ್ಟಕ್ಕಷ್ಟರೀ ಸರ್. ಡೀಸೆಲ್ ಮೆಕ್ಯಾನಿಕ್ಕಿಗಾದ್ರೂ ಹಾಕೂಣಂತ ಬಂದೀವ್ರೀ.’ ಹೇಳುವ ಅಪ್ಪನ ಹಿಂದೆ ಹುಡುಗ ಚಪ್ಪಲಿಯಿಂದ ನೆಲ ಕೆರೆಯುತ್ತ ನಿಂತಿರುತ್ತಾನೆ. ಐಟಿಐಯಲ್ಲಿ ಕಿರಿಯ ತರಬೇತಿ ಅಧಿಕಾರಿ, ಅಂದರೆ ಹುಡುಗರ ಬಾಯಲ್ಲಿ ‘ಡೀಸೆಲ್ ಸರ್’ ಆಗಿ ಸರ್ವಿಸ್ ಮುಗಿಸಿದ ನನಗೆ ಆ ಅಪ್ಪಂದಿರ ಮೇಲೆ ಸಿಟ್ಟಿಲ್ಲ, ತಕರಾರಿದೆ. ತಲೆ ಓಡದವನಿಗೆ ಈ ಕೆಲಸ ಅಂತ ತಿಳಿದು ಬಂದ ಹುಡುಗರು ಮೊದಲ ತಿಂಗಳಲ್ಲೇ ಕಂಗಾಲಾಗುವುದನ್ನು ನೋಡಿದ್ದೇನೆ. ಬಿಚ್ಚುವುದನ್ನು ಯಾರಿಗೆ ಬೇಕಾದರೂ ಬೇಗ ಕಲಿಸಬಹುದು. ಏನನ್ನೂ ಬಿಚ್ಚದೆ ಎಂಜಿನ್ ಮುಂದೆ ಹತ್ತು ನಿಮಿಷ ನಿಂತು ಯೋಚಿಸುವುದಿದೆಯಲ್ಲ, ಅದನ್ನು ಕಲಿಸುವುದರಲ್ಲೇ ನನ್ನ ಸರ್ವಿಸ್ ಹೋಯಿತು.

ಎಂಜಿನ್ ಏನು ಮಾಡುತ್ತದೆ ಅನ್ನುವುದನ್ನು ಮೊದಲು ನೋಡೋಣ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸಲು ಸ್ಪಾರ್ಕ್ ಪ್ಲಗ್ ಇರುತ್ತದೆ. ಡೀಸೆಲ್ ಎಂಜಿನ್ನಿಗೆ ಅದು ಇಲ್ಲ. ಈ ಎಂಜಿನ್ ಬರೀ ಗಾಳಿಯನ್ನು ಒಳಗೆಳೆದುಕೊಂಡು ಹದಿನಾರನೇ ಒಂದು ಪಾಲಿಗೋ ಇಪ್ಪತ್ತನೇ ಒಂದು ಪಾಲಿಗೋ ಅದುಮುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದು ನಿಮಗೆ ಗೊತ್ತು. ಇಲ್ಲೂ ಅದೇ ಕಾರಣ, ಆದರೆ ಶಾಖ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಂಥ ಗಾಳಿಯೊಳಕ್ಕೆ ನಾಝಲ್ ಡೀಸೆಲನ್ನು ಮಂಜಿನ ಹಾಗೆ ಚಿಮುಕಿಸಿದರೆ ಸಾಕು, ತಾನಾಗಿ ಹೊತ್ತಿಕೊಳ್ಳುತ್ತದೆ. ಇದನ್ನು ಕಂಡುಹಿಡಿದ ರುಡಾಲ್ಫ್ ಡೀಸೆಲ್ 1858ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಜರ್ಮನ್ ಎಂಜಿನಿಯರ್. 1897ರಲ್ಲಿ ಆಗ್ಸ್‌ಬರ್ಗ್ ಊರಿನಲ್ಲಿ ಅವನ ಎಂಜಿನ್ ಪರೀಕ್ಷೆ ಗೆದ್ದಾಗ ಇಂಧನದ ಶಕ್ತಿಯಲ್ಲಿ ನಾಲ್ಕನೇ ಒಂದು ಪಾಲಿಗಿಂತ ತುಸು ಹೆಚ್ಚನ್ನು ಕೆಲಸಕ್ಕೆ ತಂದಿತ್ತು. ಆ ಕಾಲದ ಉಗಿ ಎಂಜಿನ್ನುಗಳು ಇದರ ಹತ್ತಿರಕ್ಕೂ ಬರುತ್ತಿರಲಿಲ್ಲ. 1913ರಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ಅವನು ರಾತ್ರಿ ಕಾಣೆಯಾದ. ಪೆಟ್ರೋಲ್ ಬಂಕಿನಲ್ಲಿ ದಿನಾ ಕೂಗುವುದು ಒಬ್ಬ ಮನುಷ್ಯನ ಹೆಸರನ್ನು ಅಂತ ಹೇಳಿದರೆ ನನ್ನ ವಿದ್ಯಾರ್ಥಿಗಳು ನಂಬುತ್ತಿರಲಿಲ್ಲ.

ಗಾಳಿ ಬೇಕು, ಅದುಮುವ ಒತ್ತಡ ಬೇಕು, ಸರಿಯಾದ ಹೊತ್ತಿಗೆ ಡೀಸೆಲ್ ಚಿಮುಕಬೇಕು. ಎಂಜಿನ್ ಏಳುತ್ತಿಲ್ಲ ಅಂದರೆ ಈ ಮೂರರಲ್ಲಿ ಯಾವುದೋ ತಪ್ಪಿದೆ. ಇಷ್ಟು ತಿಳಿದರೆ ಎಲ್ಲ ತಿಳಿದ ಹಾಗೆ ಅಂದುಕೊಳ್ಳುತ್ತಾರೆ ಹುಡುಗರು. ಇನ್ನು ಹೊಲಕ್ಕೆ ಹೋಗೋಣ.

ಜೂನ್ ತಿಂಗಳು, ಮಳೆ ಬಿದ್ದು ಹದವಾಗಿದೆ. ಕುಂಟೆ ಹೊಡೆಯುತ್ತಿದ್ದ ಟ್ರ್ಯಾಕ್ಟರ್ ಹೊಲದ ನಡುವೆ ನಿಂತಿತು. ನೋಡಿದರೆ ಟ್ಯಾಂಕ್ ಖಾಲಿ. ಕ್ಯಾನಿನಲ್ಲಿ ಡೀಸೆಲ್ ತಂದು ಸುರಿದರು, ಸೆಲ್ಫ್ ಹೊಡೆದರು. ಏಳಲಿಲ್ಲ. ಮತ್ತೆ ಮತ್ತೆ ಹೊಡೆದು ಬ್ಯಾಟರಿಯೂ ಇಳಿಯತೊಡಗಿತು. ‘ಮೇಸ್ತ್ರಿ, ಪಂಪ ಹೋಗೇತಿ ಅನಸ್ತದ, ಲಗೂನ ಬಾ’ ಅಂತ ಫೋನ್ ಹೋಯಿತು. ಅರ್ಧ ಕಲಿತವನು ಬಂದರೆ ಪಂಪನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಪಟ್ಟಣಕ್ಕೆ ಬಸ್ ಹತ್ತುತ್ತಾನೆ. ಅಲ್ಲಿ ಪಂಪ್ ರೂಮಿನವರು ಟೆಸ್ಟ್ ಬೆಂಚಿಗೆ ಹಾಕಿ ‘ಇದರಾಗ ಏನೂ ತೊಂದ್ರಿ ಇಲ್ಲ’ ಅನ್ನುವಷ್ಟರಲ್ಲಿ ಹೊಲದ ಹದ ಹೋಗಿರುತ್ತದೆ.

ಕಲಿತವನು ಬಂದು ಪಾನಾ ಹೊರಗೆ ತೆಗೆಯುವುದಿಲ್ಲ, ಕೇಳುತ್ತಾನೆ. ಧಕ್ಕನೆ ನಿಂತಿತೋ, ತಡವರಿಸಿ ನಿಂತಿತೋ? ಟ್ಯಾಂಕಿನಲ್ಲಿ ಎಣ್ಣೆ ಎಷ್ಟಿತ್ತು? ತಡವರಿಸಿ ನಿಂತಿತು, ಟ್ಯಾಂಕ್ ಖಾಲಿಯಿತ್ತು ಅಂದ ಕೂಡಲೇ ಅವನಿಗೆ ಅರ್ಧ ಉತ್ತರ ಸಿಕ್ಕಿತು. ಖಾಲಿ ಟ್ಯಾಂಕಿನಿಂದ ಪೈಪಿನೊಳಕ್ಕೆ ಗಾಳಿ ಹೊಕ್ಕಿದೆ. ಹಳೆಯ ಮಾದರಿಯ ನಾಝಲ್ ತೆರೆದುಕೊಳ್ಳಲು ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಇನ್ನೂರು ಪಟ್ಟು ಒತ್ತಡ ಬೇಕು. ಡೀಸೆಲ್ ದ್ರವ, ಅದುಮಿದರೂ ಕುಗ್ಗುವುದು ತೀರ ಕಡಿಮೆ. ಪಂಪ್ ತಳ್ಳಿದ್ದು ಅಲ್ಲಿಗೆ ಮುಟ್ಟುತ್ತದೆ. ನಡುವೆ ಗಾಳಿಗುಳ್ಳೆ ಇದ್ದರೆ ಪಂಪ್ ತಳ್ಳಿದಾಗಲೆಲ್ಲ ಗುಳ್ಳೆ ಕುಗ್ಗುತ್ತದೆ, ಬಿಟ್ಟಾಗ ಹಿಗ್ಗುತ್ತದೆ. ನಾಝಲ್‌ವರೆಗೆ ಒತ್ತಡ ಹೋಗುವುದೇ ಇಲ್ಲ.

ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂವನ್ನು ಸಡಿಲಿಸಿ, ಫೀಡ್ ಪಂಪಿನ ಕೈಹಿಡಿ ಒತ್ತುತ್ತ ಹೋಗಬೇಕು. ಮೊದಲು ಬರೀ ಬುಸ್ ಅನ್ನುತ್ತದೆ, ಆಮೇಲೆ ನೊರೆ, ಆಮೇಲೆ ಗುಳ್ಳೆಯಿಲ್ಲದ ತಿಳಿ ಡೀಸೆಲ್. ಆಗ ಬಿಗಿಯಬೇಕು. ಪಂಪಿನ ಸ್ಕ್ರೂಗೂ ಇದೇ ಕ್ರಮ. ಕಡೆಗೆ ನಾಝಲ್ ಪೈಪಿನ ನಟ್ಟುಗಳನ್ನು ಅರ್ಧ ಸುತ್ತು ಬಿಟ್ಟು ಸೆಲ್ಫ್ ಹೊಡೆದರೆ ಉಳಿದ ಗಾಳಿಯೂ ಹೋಗುತ್ತದೆ. ನಟ್ಟು ಬಿಗಿಯುವಷ್ಟರಲ್ಲಿ ಎಂಜಿನ್ ಎದ್ದಿರುತ್ತದೆ. ಇಡೀ ಕೆಲಸದಲ್ಲಿ ಒಂದು ಬಿಡಿಭಾಗವೂ ಬದಲಾಗಿಲ್ಲ.

ಇಲ್ಲಿ ಗಿರಾಕಿಗಳಿಗೂ ಒಂದು ಮಾತು ಹೇಳಬೇಕು. ಸ್ಪೇರ್ ಪಾರ್ಟಿನ ಬಿಲ್ಲು ತೋರಿಸಿದರೆ ಸಾವಿರಾರು ರೂಪಾಯಿ ಎಣಿಸಿಕೊಡುವವರು, ಏನೂ ಬದಲಿಸದೆ ದುರಸ್ತಿ ಮಾಡಿಕೊಟ್ಟವನಿಗೆ ‘ಚಹಾ ಕುಡದು ಹೋಗೋ ತಮ್ಮಾ’ ಅಂತ ಕಳಿಸುತ್ತೀರಿ. ಕಂಡಕಂಡದ್ದನ್ನೆಲ್ಲ ಬದಲಿಸುವ ಮೆಕ್ಯಾನಿಕ್‌ಗಳನ್ನು ಬೆಳೆಸಿದ್ದು ನಾವೇ ಅಂತ ನನ್ನ ಅನಿಸಿಕೆ.

ಹೊಗೆಯ ಬಣ್ಣ ನೋಡುವುದನ್ನು ಗ್ಯಾರೇಜಿನಲ್ಲಿ ಬೆಳೆದವರಿಗೆ ಹೇಳಿಕೊಡಬೇಕಿಲ್ಲ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು. ಚಳಿಯ ಬೆಳಿಗ್ಗೆ ಒಂದಿಷ್ಟು ಬಿಳಿ ಹೊಗೆ ಬಂದು ಎಂಜಿನ್ ಕಾದ ಮೇಲೆ ನಿಂತರೆ ಚಿಂತೆಯಿಲ್ಲ. ನಿಲ್ಲದೆ ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಬೇಕು. ನೀಲಿ ಅಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಆದರೆ ನೀಲಿ ಕಂಡ ತಕ್ಷಣ ‘ಎಂಜಿನ್ ಬೋರಿಗೆ ಬಂದೈತಿ’ ಅಂತ ತೀರ್ಪು ಕೊಡುವವರೇ ಬಹಳ. ರಿಂಗು, ಲೈನರ್ ಸವೆದಿರಬಹುದು, ನಿಜ. ವಾಲ್ವಿನ ಸೀಲ್ ಹೋಗಿರಬಹುದು, ಟರ್ಬೋ ಸೀಲ್ ಹೋಗಿರಬಹುದು, ಯಾರೋ ಆಯಿಲ್ ಅಳತೆ ಮೀರಿ ಸುರಿದಿರಲೂಬಹುದು. ಕಂಪ್ರೆಷನ್ ಗೇಜ್ ಹಾಕಿ ನೋಡಲು ಅರ್ಧ ದಿನ ಹಿಡಿದರೂ ಫುಲ್ ಎಂಜಿನ್ ಕೆಲಸದ ಖರ್ಚಿನ ಮುಂದೆ ಅದು ಏನೂ ಅಲ್ಲ.

ಈ ಎಂಜಿನ್ ನಮ್ಮ ನೆಲಕ್ಕೆ ಹೊಸದಲ್ಲ. ಕರೆಂಟು ಬರುವ ಮೊದಲು ಬಾವಿಯ ಪಂಪು, ಹಿಟ್ಟಿನ ಗಿರಣಿ ಎಲ್ಲ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ ಮೇಲೆ ನಡೆದವು. ಗಿರಣಿ ಶುರುವಾಯಿತು ಅನ್ನುವುದು ಅದರ ‘ಕುಕ್ ಕುಕ್’ ಸದ್ದಿನಿಂದಲೇ ಊರಿಗೆ ತಿಳಿಯುತ್ತಿತ್ತು. ಆ ಎಂಜಿನ್ನುಗಳಿಗೆ ಹೆಸರು ಕೊಟ್ಟ ಮನೆತನದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿದವರು ಅವರು. ಅವರ ಮನೆತನದ ಡೀಸೆಲ್ ಎಂಜಿನ್ ಕಾರ್ಖಾನೆ 1946ರಲ್ಲಿ ಪುಣೆಯಲ್ಲಿ ಎದ್ದಿತು. ಬೆಂಗಳೂರಿನಲ್ಲಿ 1951ರಲ್ಲಿ ಆರಂಭವಾದ ಮೈಕೋ ಕಂಪನಿ ಡೀಸೆಲ್ ಪಂಪು, ನಾಝಲ್‌ಗಳಿಗೆ ದೇಶಕ್ಕೆಲ್ಲ ಹೆಸರಾಯಿತು. 2008ರಲ್ಲಿ ಅದು ಬಾಷ್ ಲಿಮಿಟೆಡ್ ಆಯಿತು, ಗ್ಯಾರೇಜಿನಲ್ಲಿ ಇನ್ನೂ ‘ಮೈಕೋ ಪಂಪ್’ ಅಂತಲೇ ಕರೆಯುತ್ತಾರೆ. ಆ ಪಂಪಿನೊಳಗಿನ ಪ್ಲಂಜರಿಗೂ ಬ್ಯಾರಲಿಗೂ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಎರಡೋ ಮೂರೋ ಪಾಲು. ಅದಕ್ಕೇ ನಾನು ಹುಡುಗರಿಗೆ ಮೊದಲ ವಾರ ಕಲಿಸುತ್ತಿದ್ದುದು ಕೈ ತೊಳೆಯುವುದನ್ನು, ಬಿಚ್ಚಿದ ಪೈಪಿನ ಬಾಯಿಗೆ ಮುಚ್ಚಳ ಹಾಕುವುದನ್ನು. ಮೆಕ್ಯಾನಿಕ್ ಅಂದರೆ ಮೈಯೆಲ್ಲ ಮಸಿ ಅಂತ ಸಿನಿಮಾದಲ್ಲಿ ತೋರಿಸುತ್ತಾರಲ್ಲ, ನಾಝಲ್ ಬಿಚ್ಚುವವನು ಹಾಗಿದ್ದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ.

ಇನ್ನೀಗ ಹೊಸ ಎಂಜಿನ್ನುಗಳು. ಈ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಗ್ಯಾರೇಜಿನಲ್ಲಿ ರೇಡಿಯೋ ಹಾಕಿಕೊಂಡು ಕೇಳುತ್ತಿರುವವರು ಒಂದು ಕ್ಷಣ ಕೈ ನಿಲ್ಲಿಸಿ.

ಹಳೆಯ ಎಂಜಿನ್ನಿನಲ್ಲಿ ಒಂದು ಸಿಲಿಂಡರ್ ಸರಿಯಾಗಿ ಹೊಡೆಯುತ್ತಿಲ್ಲ ಅನ್ನಿ. ಯಾವುದು ಅಂತ ತಿಳಿಯುವ ಉಪಾಯವನ್ನು ನಮ್ಮ ಉಸ್ತಾದರು ನಮಗೆ ಕಲಿಸಿದ್ದರು, ನಾವು ಹುಡುಗರಿಗೆ ಕಲಿಸಿದೆವು. ಎಂಜಿನ್ ಓಡುತ್ತಿರುವಾಗಲೇ ಒಂದೊಂದು ನಾಝಲ್ ಪೈಪಿನ ನಟ್ಟನ್ನು ಸಡಿಲಿಸುವುದು. ಚೆನ್ನಾಗಿರುವ ಸಿಲಿಂಡರಿನದು ಸಡಿಲಾದರೆ ಎಂಜಿನ್ನಿನ ಸದ್ದು ಕುಸಿಯುತ್ತದೆ. ಯಾವ ನಟ್ಟು ಸಡಿಲಿಸಿದರೂ ಸದ್ದು ಬದಲಾಗಲಿಲ್ಲವೋ ಆ ಸಿಲಿಂಡರೇ ಸತ್ತಿರುವುದು. ಖರ್ಚಿಲ್ಲದ, ಬಲು ಜಾಣತನದ ಪರೀಕ್ಷೆ. ಹಳೆಯ ಲಾರಿ, ಟ್ರ್ಯಾಕ್ಟರುಗಳಲ್ಲಿ ಇಂದಿಗೂ ಕನ್ನಡಕ ಹಾಕಿಕೊಂಡು, ಕೈ ದೂರ ಇಟ್ಟು ಮಾಡುವವರಿದ್ದಾರೆ.

ಅದೇ ಪರೀಕ್ಷೆಯನ್ನು ಕಾಮನ್ ರೇಲ್ ಎಂಜಿನ್ನಿನಲ್ಲಿ ಮಾಡಿದರೆ ಬೆರಳು ಹೋಗುತ್ತದೆ. ಅಲ್ಲಿ ಎಲ್ಲ ನಾಝಲ್‌ಗಳಿಗೂ ಸೇರಿ ಒಂದೇ ಕೊಳವೆ, ಅದರೊಳಗೆ ಸದಾ ತುಂಬಿರುವ ಡೀಸೆಲ್. ಒತ್ತಡ 1,600 ಬಾರ್, ಕೆಲವುಗಳಲ್ಲಿ 2,000 ಬಾರ್. ಸೂಜಿಮೊನೆಯಷ್ಟು ಸಂದಿನಿಂದ ಹೊರಬಂದ ಎಳೆ ಕೈಗವಸನ್ನೂ ಚರ್ಮವನ್ನೂ ಸೀಳಿ ಒಳಗೆ ಇಳಿಯುತ್ತದೆ. ಹೊರಗೆ ನೋಡಿದರೆ ಇರುವೆ ಕಚ್ಚಿದಷ್ಟೇ ಗಾಯ, ನೋವೂ ಮೊದಲಿಗೆ ಅಷ್ಟಿಲ್ಲ. ಒಳಗೆ ಮಾಂಸ ಕೊಳೆಯಲು ಶುರುವಾಗಿರುತ್ತದೆ. ಅರಿಶಿನ ಹಚ್ಚಿ, ಬ್ಯಾಂಡೇಜು ಸುತ್ತಿ ಕೆಲಸ ಮುಂದುವರಿಸುವ ಗಾಯ ಇದಲ್ಲ. ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಆಗಲೇ ಹೋಗಬೇಕು, ‘ಹೆಚ್ಚು ಒತ್ತಡದ ಡೀಸೆಲ್ ಚರ್ಮದೊಳಗೆ ಹೊಕ್ಕಿದೆ’ ಅಂತ ಬಾಯಿಬಿಟ್ಟು ಹೇಳಬೇಕು. ಸೋರಿಕೆ ಹುಡುಕಲು ಕೈ ಆಡಿಸಬಾರದು, ರಟ್ಟಿನ ತುಂಡು ಹಿಡಿಯಬೇಕು. ಪೈಪಿನ ನಟ್ಟು ಮುಟ್ಟುವ ಮೊದಲು ಎಂಜಿನ್ ನಿಲ್ಲಿಸಿ, ಕಂಪನಿಯ ಪುಸ್ತಕ ಹೇಳಿದಷ್ಟು ಹೊತ್ತು ಕಾಯಬೇಕು. ಅನುಭವಸ್ಥರಿಗೇ ಈ ಅಪಾಯ ಹೆಚ್ಚು ಅಂತ ನನಗನ್ನಿಸುತ್ತದೆ. ಹೊಸಬ ಹೆದರಿ ದೂರ ನಿಲ್ಲುತ್ತಾನೆ. ಮೂವತ್ತು ವರ್ಷ ನಟ್ಟು ಸಡಿಲಿಸಿದ ಕೈ ಯೋಚಿಸುವ ಮೊದಲೇ ಅಲ್ಲಿಗೆ ಹೋಗಿರುತ್ತದೆ.

ಹಾಗಾದರೆ ಹೊಸ ಎಂಜಿನ್ನಿನಲ್ಲಿ ಸಿಲಿಂಡರ್ ಪರೀಕ್ಷೆ ಹೇಗೆ? ಸ್ಕ್ಯಾನರ್ ಹಾಕಿ ಒಂದೊಂದು ಇಂಜೆಕ್ಟರನ್ನು ಕಂಪ್ಯೂಟರ್ ಮೂಲಕವೇ ಬಂದ್ ಮಾಡಿ ನೋಡುತ್ತಾರೆ. ತರ್ಕ ಅದೇ, ಪಾನಾ ಹೋಗಿ ಪರದೆ ಬಂದಿದೆ. ಇದರಿಂದ ಇನ್ನೊಂದು ರೋಗವೂ ಬಂತು. ಪರದೆಯ ಮೇಲೆ ‘ರೇಲ್ ಒತ್ತಡ ಕಡಿಮೆ’ ಅಂತ ಕೋಡ್ ಮೂಡಿದರೆ ಹುಡುಗ ನೇರವಾಗಿ ಒತ್ತಡದ ಸೆನ್ಸರ್ ಬದಲಿಸುತ್ತಾನೆ. ಸೆನ್ಸರ್ ನಿಜವನ್ನೇ ಹೇಳುತ್ತಿರುತ್ತದೆ, ಒತ್ತಡ ಕಡಿಮೆಯೇ ಇರುತ್ತದೆ. ಕಾರಣ ಕಟ್ಟಿಕೊಂಡ ಫಿಲ್ಟರ್ ಇರಬಹುದು, ಟ್ಯಾಂಕಿನೊಳಗಿನ ಕಸ ಇರಬಹುದು, ಎಲ್ಲೋ ಗಾಳಿ ಎಳೆಯುತ್ತಿರಬಹುದು. ಏನು ಕಂಡಿತು ಅನ್ನುವುದನ್ನಷ್ಟೇ ಯಂತ್ರ ಹೇಳುತ್ತದೆ, ಯಾಕೆ ಅನ್ನುವುದು ಮೆಕ್ಯಾನಿಕ್‌ನ ಪಾಲಿಗೆ ಉಳಿಯುತ್ತದೆ. ಹೊಲದಲ್ಲಿ ‘ಟ್ಯಾಂಕಿನ್ಯಾಗ ಎಣ್ಣಿ ಎಷ್ಟಿತ್ತು’ ಅಂತ ಕೇಳಿದವನು ಇಲ್ಲೂ ಗೆಲ್ಲುತ್ತಾನೆ.

2017ರ ಏಪ್ರಿಲ್‌ನಲ್ಲಿ ಬಿಎಸ್-4, 2020ರ ಏಪ್ರಿಲ್‌ನಲ್ಲಿ ಬಿಎಸ್-6 ಎಂಬ ಹೊಗೆ ನಿಯಮ ದೇಶಕ್ಕೆಲ್ಲ ಬಂತು. ಡೀಸೆಲಿನ ಗಂಧಕ ಹತ್ತು ಲಕ್ಷಕ್ಕೆ 50 ಪಾಲಿನಿಂದ 10 ಪಾಲಿಗೆ ಇಳಿಯಿತು. ಲಾರಿ, ಬಸ್ಸುಗಳಿಗೆ ಮಸಿ ಹಿಡಿಯುವ ಫಿಲ್ಟರ್ ಬಂತು, ವಿಷದ ಅನಿಲವನ್ನು ತಗ್ಗಿಸಲು ಯೂರಿಯಾ ದ್ರಾವಣದ ಟ್ಯಾಂಕ್ ಬಂತು. ಶೇಕಡಾ 32.5ರಷ್ಟು ಯೂರಿಯಾ, ಮಿಕ್ಕದ್ದು ಶುದ್ಧ ನೀರು, ಅಳತೆ ತಪ್ಪುವಂತಿಲ್ಲ. ಗೊಬ್ಬರದ ಅಂಗಡಿಯ ಯೂರಿಯಾವನ್ನು ನಲ್ಲಿ ನೀರಿನಲ್ಲಿ ಕಲಸಿ ಸುರಿದರೆ ಅದರೊಳಗಿನ ಕಲ್ಮಶ ಬೆಲೆಬಾಳುವ ಕ್ಯಾಟಲಿಸ್ಟನ್ನೇ ಕೆಡಿಸುತ್ತದೆ. ಉಳಿಸಿದ್ದು ನೂರು, ಕಳೆದದ್ದು ಲಕ್ಷ.

ಟ್ರ್ಯಾಕ್ಟರುಗಳ ಕಥೆ ಬೇರೆ. ಐವತ್ತು ಎಚ್‌ಪಿ ಮೀರಿದವುಗಳಿಗೆ ಮಾತ್ರ 2023ರ ಜನವರಿಯಿಂದ ಬಿಗಿಯಾದ ಹೊಗೆ ನಿಯಮ ಬಂತು. ನಮ್ಮ ಹೊಲಗಳಲ್ಲಿ ಓಡುವ ಹೆಚ್ಚಿನವು ಅದಕ್ಕಿಂತ ಚಿಕ್ಕವು, ಹಳೆಯ ಪಂಪಿನವು. ಹಾಗಾಗಿ ಇವತ್ತು ಕೆಲಸಕ್ಕೆ ಇಳಿಯುವ ಹುಡುಗ ಬೆಳಿಗ್ಗೆ ಬ್ಲೀಡ್ ಸ್ಕ್ರೂ ಬಿಡುತ್ತಾನೆ, ಮಧ್ಯಾಹ್ನ ಲ್ಯಾಪ್‌ಟಾಪ್ ತೆರೆಯುತ್ತಾನೆ. ಎರಡೂ ಬೇಕು, ಎರಡನ್ನೂ ಒಂದೇ ಕಡೆ ಕಲಿಸುವ ಜಾಗಗಳು ಕಡಿಮೆ. ಈ ಕಸುಬಿನ ದೊಡ್ಡ ತೊಡಕು ಇದೇ ಅಂತ ನಾನು ತಿಳಿದಿದ್ದೇನೆ.

ಕಲಿಯುವ ದಾರಿ ಹೇಳುತ್ತೇನೆ. ಐಟಿಐಯಲ್ಲಿ ಮೆಕ್ಯಾನಿಕ್ ಡೀಸೆಲ್ ಒಂದು ವರ್ಷದ ಟ್ರೇಡ್. ಮೆಕ್ಯಾನಿಕ್ ಮೋಟಾರ್ ವೆಹಿಕಲ್, ನಾವು ಎಂಎಂವಿ ಅನ್ನುವುದು, ಎರಡು ವರ್ಷದ್ದು. ಎರಡಕ್ಕೂ ಹತ್ತನೇ ತರಗತಿ ಪಾಸಾಗಿರಬೇಕು. ಮುಂದೆ ಡಿಪ್ಲೊಮಾ ಮಾಡುವ ಮನಸ್ಸಿದ್ದರೆ ಎರಡು ವರ್ಷದ ಟ್ರೇಡೇ ಒಳ್ಳೆಯದು, ನೇರ ಎರಡನೇ ವರ್ಷಕ್ಕೆ ಸೇರುವ ದಾರಿ ಇದೆ. ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಕೆಲಸ ಹುಡುಕಬೇಡಿ, ಅಪ್ರೆಂಟಿಸ್ ಆಗಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಸ್ಟೈಪೆಂಡ್ ಸಿಗುತ್ತದೆ. ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಜಾಗ ಸಿಕ್ಕರೆ ಬಿಡಬೇಡಿ. ರಾತ್ರಿ ಬಸ್ಸುಗಳು ಒಂದರ ಹಿಂದೆ ಒಂದು ಒಳಗೆ ಬರುತ್ತವೆ, ಡ್ರೈವರ್ ಪುಸ್ತಕದಲ್ಲಿ ‘ಪಿಕಪ್ ಇಲ್ಲ’ ಅಂತ ಎರಡು ಪದ ಬರೆದು ಹೋಗಿರುತ್ತಾನೆ, ಬೆಳಗಿನ ಟ್ರಿಪ್ಪಿಗೆ ಬಸ್ ಹೊರಡಲೇಬೇಕು. ಆ ಎರಡು ಪದದ ಹಿಂದೆ ಇರಬಹುದಾದ ಹತ್ತು ಕಾರಣಗಳಲ್ಲಿ ನಿಜವಾದದ್ದನ್ನು ಬೆಳಗಾಗುವುದರೊಳಗೆ ಹುಡುಕುವ ಅಭ್ಯಾಸ ಕ್ಲಾಸಿನಲ್ಲಿ ಬರುವುದಿಲ್ಲ.

ಐಟಿಐ ಮೆಟ್ಟಿಲು ಹತ್ತದೆ ಗ್ಯಾರೇಜಿನಲ್ಲೇ ಕಲಿತ ಉಸ್ತಾದರು ಎಷ್ಟೋ ಜನ ಇದ್ದಾರೆ. ಅವರ ಕೈಗೆ ನಾನು ಕೈ ಮುಗಿಯುತ್ತೇನೆ. ಹನ್ನೊಂದು ವರ್ಷದ ಹುಡುಗನನ್ನು ಗಾಡಿಯ ಕೆಳಗೆ ಕೂರಿಸಿ ‘ಕಲಿಯಲಿ ಬಿಡ್ರಿ’ ಅನ್ನುವುದನ್ನು ಮಾತ್ರ ಒಪ್ಪಲಾರೆ, ಕಾನೂನೂ ಒಪ್ಪುವುದಿಲ್ಲ. ಕೆಲಸ ಬಲ್ಲ ದೊಡ್ಡವರಿಗೆ ಪೂರ್ವ ಕಲಿಕೆಯ ಮಾನ್ಯತೆ ಅಂತ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಇದೆ, ವಿಚಾರಿಸಿ. ಹುಡುಗಿಯರು ಬಂದರೆ ‘ಭಾರ ಎತ್ತೂದು ಆಗೂದಿಲ್ಲ’ ಅನ್ನುವವರಿಗೆ ನನ್ನದು ಒಂದೇ ಉತ್ತರ. ಚೈನ್ ಪುಲ್ಲಿ ಇರುವುದು ಯಾಕೆ? ಲಾರಿಯ ಸಿಲಿಂಡರ್ ಹೆಡ್ಡನ್ನು ಗಂಡಸರೂ ಕೈಯಲ್ಲಿ ಎತ್ತಬಾರದು. ಎತ್ತಿ ಎತ್ತಿ ನಲವತ್ತಕ್ಕೇ ಸೊಂಟ ಹಿಡಿದುಕೊಂಡವರನ್ನು ಯಾವ ಊರಿನ ಗ್ಯಾರೇಜ್ ಸಾಲಿನಲ್ಲಾದರೂ ಕಾಣಬಹುದು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಖಚಿತವಾಗಿ ಹೇಳಿತು.

ಕೆಲಸದ ಜಾಗಗಳು ಬೇಕಾದಷ್ಟಿವೆ. ಸಂಡೂರಿನ ಗಣಿಯ ಡಂಪರ್, ಮಲ್ಪೆಯ ಮೀನುಗಾರಿಕೆ ದೋಣಿ, ಭತ್ತ ಕೊಯ್ಯುವ ಯಂತ್ರ, ಬೋರ್‌ವೆಲ್ ಲಾರಿ, ಆಸ್ಪತ್ರೆಯ ಜನರೇಟರ್. ದೋಣಿಯ ಎಂಜಿನ್ ಬಲ್ಲವನಿಗೆ ಮಳೆಗಾಲದ ಮೀನುಗಾರಿಕೆ ನಿಷೇಧದ ಎರಡು ತಿಂಗಳು ಪುರುಸೊತ್ತಿಲ್ಲದ ಕೆಲಸ. ಸ್ವಂತ ಗ್ಯಾರೇಜ್ ಇಡುವವರು ಬಂಡವಾಳದ ಜೊತೆ ಉದ್ರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ರೈತ ಸುಗ್ಗಿ ಮುಗಿದ ಮೇಲೇ ಕೊಡುವುದು, ಸ್ಪೇರ್ ಅಂಗಡಿಯವನು ಅಲ್ಲಿಯವರೆಗೆ ಕಾಯುವುದಿಲ್ಲ.

‘ಎಲ್ಲಾ ಕರೆಂಟಿನ ಗಾಡಿ ಆಗ್ತಾವಂತಲ್ಲ ಸರ್’ ಅಂತ ಈಗ ಎಲ್ಲರೂ ಕೇಳುತ್ತಾರೆ. ಬೆಂಗಳೂರಿನಲ್ಲಿ ಬಿಎಂಟಿಸಿಯ ವಿದ್ಯುತ್ ಬಸ್ಸುಗಳು ಓಡುತ್ತಿವೆ. ಹುಬ್ಬಳ್ಳಿ, ಕೃಷ್ಣರಾಜಪುರದ ರೈಲ್ವೆ ಡೀಸೆಲ್ ಶೆಡ್ಡುಗಳಲ್ಲಿ ಇಂದು ವಿದ್ಯುತ್ ಎಂಜಿನ್ನುಗಳೂ ನಿಂತಿವೆ. ಕಣ್ಣು ಮುಚ್ಚಿಕೊಳ್ಳುವುದು ಬೇಡ. ನಗರದ ಬಸ್ಸು, ಚಿಕ್ಕ ಕಾರು ಮೊದಲು ಹೋಗುತ್ತವೆ. ಹೊಲ, ಗಣಿ, ಸಮುದ್ರದಲ್ಲಿ ಡೀಸೆಲ್ ಬಹಳ ಕಾಲ ಇರುತ್ತದೆ ಅಂತ ನನ್ನ ಅಂದಾಜು. ಆದರೂ ಹದಿನೇಳು ವರ್ಷದ ಹುಡುಗ ಇನ್ನೂ ನಲವತ್ತು ವರ್ಷ ದುಡಿಯಬೇಕು. ಅವನು ಮಲ್ಟಿಮೀಟರ್ ಹಿಡಿಯುವುದನ್ನು, ವೈರಿಂಗ್ ನಕ್ಷೆ ಓದುವುದನ್ನು ಮೊದಲ ವರ್ಷವೇ ಕಲಿಯಲಿ. ಹೊಸ ಡೀಸೆಲ್ ಎಂಜಿನ್ನಿಗೆ ಅದು ಈಗಲೇ ಬೇಕು, ನಾಳೆ ಬ್ಯಾಟರಿ ಬಸ್ಸಿಗೂ ಬೇಕು. ಬ್ರೇಕು, ಹೈಡ್ರಾಲಿಕ್ಸ್, ಕೂಲಿಂಗ್ ಎಲ್ಲೂ ಹೋಗುವುದಿಲ್ಲ.

ಪ್ರವೇಶದ ಅರ್ಜಿ ತುಂಬುವ ಮೊದಲು ತಂದೆ ತಾಯಂದಿರು ಒಂದು ಕೆಲಸ ಮಾಡಿ. ಆ ಐಟಿಐಗೆ ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಿ ವರ್ಕ್‌ಶಾಪ್ ತೋರಿಸಿ ಅಂತ ಕೇಳಿ. ಬಣ್ಣ ಬಳಿದು ಅರ್ಧಕ್ಕೆ ಕೊಯ್ದಿಟ್ಟ ಎಂಜಿನ್ ಎಲ್ಲ ಕಡೆಯೂ ಇರುತ್ತದೆ, ಅದನ್ನು ನೋಡಿ ಬರಬೇಡಿ. ಓಡುವ ಎಂಜಿನ್ ಎಷ್ಟಿವೆ, ಕಾಮನ್ ರೇಲ್ ಎಂಜಿನ್ ಒಂದಾದರೂ ಇದೆಯೇ, ಸ್ಕ್ಯಾನರ್ ಡಬ್ಬದಿಂದ ಹೊರಗೆ ಬಂದಿದೆಯೇ ಅಂತ ವಿಚಾರಿಸಿ. ಆಮೇಲೆ ಅಲ್ಲಿ ಕಲಿಯುತ್ತಿರುವ ಹುಡುಗನೊಬ್ಬನಿಗೆ ಹೇಳಿ, ‘ತಮ್ಮಾ, ಇದನ್ನ ಚಾಲೂ ಮಾಡಿ ತೋರ್ಸು.’ ಅವನು ಕೀಲಿ ತಿರುಗಿಸುವ ಮೊದಲು ಆಯಿಲ್ ಕಡ್ಡಿ ಎತ್ತಿ ನೋಡಿದರೆ ಅಲ್ಲೇ ಸೇರಿಸಿ.